ಹೆಬ್ಬೆಟ್ಟು ಮತ್ತು ಹಾಜರಿ ಪುಸ್ತಕ

ಕೋಲಾರ ಚಿನ್ನದ ಗಣಿಯ ಚರಿತ್ರೆ ಬರೆದವರು ಚಿನ್ನದ ತೂಕ ಬರೆದರು, ಬಾವಿಯ ಆಳ ಬರೆದರು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದನ್ನು ಬರೆದರು. ಹಾಜರಿ ಪುಸ್ತಕ ಬರೆದವನು ಯಾರು, ಬರೆಸಿಕೊಂಡವನು ಯಾರು ಅನ್ನೋದನ್ನು ಅಷ್ಟಾಗಿ ಬರೆಯಲಿಲ್ಲ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ತೋಡಿದಾಗ ಮಣ್ಣಿನಡಿ ಇಳಿಯೋಕೆ ಜನ ಬೇಕಿತ್ತು. ಇಳಿದವರು ಬಹುಪಾಲು ಉತ್ತರ ಆರ್ಕಾಟು ಕಡೆಯಿಂದ ಬರ ಮತ್ತು ಊರ ಧಣಿಗಳ ಕಾಟ ತಪ್ಪಿಸಿಕೊಂಡು ಬಂದ ದಲಿತರು. ಅವರನ್ನು ಕರೆತಂದವರು ಮೇಸ್ತ್ರಿಗಳು, ಕಂತ್ರಾಟುದಾರರು. ಆಫೀಸಿನ ದಾರಿಯೇ ಬೇರೆ. ದೊಡ್ಡ ಕುರ್ಚಿ ಬಿಳಿಯರಿಗೆ, ಉಸ್ತುವಾರಿ ಆಂಗ್ಲೋ ಇಂಡಿಯನ್ನರಿಗೆ, ಗುಮಾಸ್ತಿಕೆ ಇಂಗ್ಲಿಷ್ ಕಲಿತ ಮೇಲ್ಜಾತಿಗಳಿಗೆ. ಇದನ್ನು ಯೋಗ್ಯತೆ ಅಂತ ಕರೆದರು! ಶಾಲೆಯ ಬಾಗಿಲು ಯಾರಿಗೆ ತೆರೆದಿತ್ತು ಅಂತ ಯಾರೂ ಕೇಳಲಿಲ್ಲ.

ಆಗ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಅಂತ ನಾಲ್ಕು ಗಣಿಗಳು. ಒಂದರಲ್ಲಿ ಸರಿಹೋಗದಿದ್ದರೆ ಇನ್ನೊಂದಕ್ಕೆ ಹೋಗೋದು ಕೂಲಿಕಾರನ ಕೈಲಿದ್ದ ಆಯುಧ. 1930ರಲ್ಲಿ ಕಂಪನಿ ಎಲ್ಲರ ಹೆಬ್ಬೆಟ್ಟಿನ ಗುರುತು ದಾಖಲು ಮಾಡ್ತೀವಿ ಅಂತು. ಅಕ್ಷರ ಬಾರದ ಜನಕ್ಕೆ ಅದರ ಅರ್ಥ ಚೆನ್ನಾಗೇ ತಿಳೀತು: ಒಂದು ಗಣಿ ಹೊರಗೆ ಹಾಕಿದವನನ್ನು ನಾಲ್ಕೂ ಗಣಿ ಹೊರಗೆ ಹಾಕಬಹುದು. ಸಾವಿರಾರು ಜನ ಬಾವಿಗೆ ಇಳಿಯದೆ ಕೂತರು. ಕೂಲಿ ಹೆಚ್ಚಿಸಿ ಅಂತ ಹೋರಾಡಿದ್ದು ಉಂಟು. ಆಫೀಸಿನ ಒಂದು ಕಡತದ ವಿರುದ್ಧ ವಾರಗಟ್ಟಲೆ ಮುಷ್ಕರ ಹೂಡಿದ ಈ ಜನರ ಬುದ್ಧಿಗೆ ನಾವು ತಲೆಬಾಗಬೇಕು.

1956ರಲ್ಲಿ ಗಣಿ ಮೈಸೂರು ಸರ್ಕಾರದ್ದಾಯಿತು, 1964ರಲ್ಲಿ ಬೆಮೆಲ್ ಹುಟ್ಟಿತು. ಮೀಸಲಾತಿ ಹಿಡಿದು ಗಣಿ ಲೈನುಗಳ ಕೆಲವು ಮಕ್ಕಳು ಕುರ್ಚಿ ಮೇಲೆ ಕೂತರು. 2001ರ ಫೆಬ್ರವರಿ 28ಕ್ಕೆ ಗಣಿಗೆ ಬೀಗ ಬಿತ್ತು.

ಈಗ ಮಾರಿಕುಪ್ಪಂನಿಂದ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗೋ ರೈಲೇ ನಮ್ಮ ಗಣಿ. ಗಾಜಿನ ಕಟ್ಟಡದಲ್ಲಿ ಡಿಗ್ರಿ ಆದವನು ಕಂಪ್ಯೂಟರ್ ಮುಂದೆ, ಅವನ ತಂಗಿ ಹೌಸ್‌ಕೀಪಿಂಗ್‌ನಲ್ಲಿ, ಮಾವ ಸೆಕ್ಯೂರಿಟಿ ಬಾಗಿಲಲ್ಲಿ. ಎಷ್ಟೋ ಜನರನ್ನು ಒಳಗೆ ಬಿಟ್ಟದ್ದು ಕಂಪನಿಯಲ್ಲ, ಏಜೆನ್ಸಿ. ಮೇಸ್ತ್ರಿ ಪ್ಯಾಂಟು ಹಾಕಿದ್ದಾನೆ, ಅಷ್ಟೆ. ಬಾಗಿಲಲ್ಲಿ ಮತ್ತೆ ಬೆರಳು ಒತ್ತಬೇಕು.

ಯಂತ್ರ ಬಂದು ಆಫೀಸಿನ ಕೆಲಸ ನುಂಗುತ್ತೆ ಅಂತ ದೊಡ್ಡವರು ಚರ್ಚೆ ಮಾಡ್ತಿದ್ದಾರೆ. ನಾವು ಕೇಳೋದಿಷ್ಟು: ಮೊದಲು ಯಾರ ಹೆಸರು ಹೊಡೀತಾರೆ, ಕಂಪನಿಯ ಪಟ್ಟಿಯವನದೋ ಏಜೆನ್ಸಿಯ ಪಟ್ಟಿಯವನದೋ? ಕಂಪ್ಯೂಟರ್ ಕಲಿ, ಆಫೀಸು ಸಿಗ್ತದೆ ಅಂತ ಹೇಳೋ ನಮ್ಮ ಮೇಷ್ಟ್ರುಗಳು, ಸಂಬಳದ ಚೀಟಿ ಮೇಲೆ ಯಾವ ಹೆಸರಿದೆ ಅಂತ ನೋಡೋದನ್ನೂ ಮಕ್ಕಳಿಗೆ ಕಲಿಸಲಿ.