ಅನಂತಪುರದ ಪದವೀಧರ ಯು. ಆರ್. ರಾವ್

ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ಬಳಿಕ ಅನಂತಪುರಕ್ಕೆ ಸೇರಿತು. ಅದಕ್ಕೆ ಕೆಲವೇ ವರ್ಷ ಮೊದಲು ಉಡುಪಿ ಬಳಿಯ ಅದಮಾರಿನ ವಿದ್ಯಾರ್ಥಿಯೊಬ್ಬನು ಈ ಎರಡೂ ಊರುಗಳಲ್ಲಿ ಓದಿದನು. ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್, ಅನಂತಪುರದ ಸರ್ಕಾರಿ ಕಲಾ ಮತ್ತು ವಿಜ್ಞಾನ ಕಾಲೇಜಿನಲ್ಲಿ ಬಿ.ಎಸ್ಸಿ. ಆತನೇ ಮುಂದೆ ಲೋಕಖ್ಯಾತರಾದ ಉಡುಪಿ ರಾಮಚಂದ್ರ ರಾವ್. ರಾಯದುರ್ಗ, ಮಡಕಶಿರಾಗಳಿಂದ ಪದವಿಗೆಂದು ಅನಂತಪುರಕ್ಕೆ ಹೋದ ನಮ್ಮವರಿಗೆ ಆ ಕಾಲೇಜಿನ ಪರಿಚಯ ಹೇಳಬೇಕಾಗಿಲ್ಲ.

ಕಾಶಿಯಲ್ಲಿ ಎಂ.ಎಸ್ಸಿ. ಮುಗಿಸಿದ ರಾವ್ ಅವರು ಅಹಮದಾಬಾದಿನ ಭೌತ ಸಂಶೋಧನ ಪ್ರಯೋಗಾಲಯದಲ್ಲಿ ವಿಕ್ರಮ್ ಸಾರಾಭಾಯಿಯವರ ಶಿಷ್ಯರಾದರು. ವಿಶ್ವಕಿರಣಗಳು ಅವರ ವಿಷಯ. ಅಮೆರಿಕದಲ್ಲಿದ್ದಾಗ ಮ್ಯಾರಿನರ್-2 ನೌಕೆಯ ಅಳತೆಗಳ ನೆರವಿನಿಂದ ಸೌರಮಾರುತವು ಎಡೆಬಿಡದೆ ಬೀಸುತ್ತದೆಂಬುದನ್ನು ತೋರಿಸಿದವರಲ್ಲಿ ಅವರೂ ಒಬ್ಬರು. 1966ರಲ್ಲಿ ಅಹಮದಾಬಾದಿಗೆ ಮರಳಿದರು.

1972ರಿಂದ ಉಪಗ್ರಹ ನಿರ್ಮಾಣದ ಹೊಣೆ ಅವರದಾಯಿತು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ, ಮೂರು ಕೋಟಿ ರೂಪಾಯಿಗಿಂತ ತುಸು ಹೆಚ್ಚಿನ ವೆಚ್ಚದಲ್ಲಿ, 360 ಕಿಲೋಗ್ರಾಂ ತೂಕದ ‘ಆರ್ಯಭಟ’ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿದ ಅದರಲ್ಲಿ ವೈಜ್ಞಾನಿಕ ಪ್ರಯೋಗಗಳು ಮೂರಿದ್ದವು. ವಿದ್ಯುತ್ ಪೂರೈಕೆಯ ದೋಷದಿಂದ ಕೆಲವೇ ದಿನಗಳಲ್ಲಿ ಆ ಮೂರೂ ನಿಂತುಹೋದವು. ಉಪಗ್ರಹ ಮಾತ್ರ ಉಳಿದು ಸಂಕೇತ ಕಳಿಸುತ್ತಿತ್ತು. ದೇಶ ಸಂಭ್ರಮಿಸಿತು, ಅದು ಸಹಜವೇ. ಆದರೆ ಭೌತವಿಜ್ಞಾನಿಗೆ ಅದು ಅರ್ಧ ಫಲ.

ಆರ್ಯಭಟದ ಹೆಸರಿನೊಡನೆ ರಾವ್ ಅವರನ್ನು ನೆನೆಯುವುದು ರೂಢಿ. ಹಣ ಹಂಚುವ ಸ್ಥಾನದಲ್ಲಿ ಅವರು ಎದುರಿಸಿದ ಇಕ್ಕಟ್ಟು ಅಷ್ಟಾಗಿ ಚರ್ಚೆಗೆ ಬಂದಿಲ್ಲ. 1984ರಿಂದ ಹತ್ತು ವರ್ಷ ಅವರು ಬಾಹ್ಯಾಕಾಶ ಆಯೋಗದ ಅಧ್ಯಕ್ಷರೂ ಇಲಾಖೆಯ ಕಾರ್ಯದರ್ಶಿಯೂ ಆಗಿದ್ದರು. ರಾಕೆಟ್ಟು, ಇನ್ಸಾಟ್, ದೂರಸಂವೇದಿ ಉಪಗ್ರಹಗಳ ಜೊತೆಗೆ ತಮ್ಮ ಹಳೆಯ ಪ್ರಯೋಗಾಲಯಕ್ಕೂ, ‘ರೆಸ್ಪಾಂಡ್’ ಯೋಜನೆಯ ಮೂಲಕ ವಿಶ್ವವಿದ್ಯಾಲಯಗಳ ಸಂಶೋಧಕರಿಗೂ ಅದೇ ಬೊಕ್ಕಸದಿಂದ ಹಣ ಸಲ್ಲಬೇಕಾಗಿತ್ತು. ಹಿಂದೆ ಪ್ರಯೋಗಕ್ಕಾಗಿ ಬೇಡುತ್ತಿದ್ದವರೇ ಈಗ ಬೇಡಿಕೆಗಳನ್ನು ತೂಗುವವರು.

1987ರಲ್ಲಿ, ಮರುವರ್ಷ ಮತ್ತೆ, ಎ.ಎಸ್.ಎಲ್.ವಿ. ರಾಕೆಟ್ಟು ವಿಫಲವಾಯಿತು. ಎರಡು ಸಲವೂ ಗಾಮಾಕಿರಣ ಸ್ಫೋಟಗಳನ್ನು ಗುರುತಿಸುವ ಉಪಕರಣ ಅದರೊಡನೆ ನಾಶವಾಯಿತು. ಟೀಕೆ ಹೆಚ್ಚಿದ ಆ ದಿನಗಳಲ್ಲಿ ಇಂಥ ಉಪಕರಣವನ್ನು ಕೈಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲವೇನೋ. ಕೈಬಿಡಲಿಲ್ಲ. 1992ರ ಮೇ 20ರಂದು ಮೂರನೆಯ ರಾಕೆಟ್ಟಿನಲ್ಲಿ ಅದು ಕಕ್ಷೆ ಸೇರಿತು. ಕಕ್ಷೆ ತಗ್ಗಾದ್ದರಿಂದ ಎರಡು ತಿಂಗಳೊಳಗೆ ಉಪಗ್ರಹ ಉರಿದುಹೋಯಿತು. ರಾವ್ ನಿವೃತ್ತರಾದ ಮೇಲೆ, 1994ರ ಮೇ 4ರಂದು ಹಾರಿದ ನಾಲ್ಕನೆಯದು ಮಾತ್ರ ವರ್ಷಗಟ್ಟಲೆ ಮಾಹಿತಿ ನೀಡಿತು.

ನಿವೃತ್ತಿಯ ಅನಂತರವೂ ಬಾಹ್ಯಾಕಾಶ ವಿಜ್ಞಾನ ಸಲಹಾ ಸಮಿತಿಯ ಅಧ್ಯಕ್ಷರಾಗಿ ಯಾವ ಪ್ರಯೋಗ ಮೇಲೇರಬೇಕೆಂಬುದನ್ನು ಅವರು ಪರಿಶೀಲಿಸುತ್ತಿದ್ದರು. ಸೂರ್ಯನನ್ನು ಅಭ್ಯಸಿಸುವ ‘ಆದಿತ್ಯ’ ಯೋಜನೆ ಆ ಸಮಿತಿಯ ಮುಂದೆ ರೂಪುಗೊಂಡಿತು. 2017ರ ಜುಲೈ 24ರಂದು ರಾವ್ ತೀರಿಕೊಂಡರು. ಆದಿತ್ಯ ಹೊರಟದ್ದು 2023ರ ಸೆಪ್ಟೆಂಬರ್ 2ರಂದು; ಅದರಲ್ಲಿ ಸೌರಮಾರುತವನ್ನು ಅಳೆಯುವ ಉಪಕರಣಗಳಲ್ಲಿ ಒಂದನ್ನು ಸಿದ್ಧಪಡಿಸಿದ್ದು ಅಹಮದಾಬಾದಿನ ಅದೇ ಪ್ರಯೋಗಾಲಯ.