ಬೀಗರ ಮನಿಯಲ್ಲಿ ಶುರುವಾದ ಮಾತು

ಬೀದರ್, ಭಾಲ್ಕಿ, ಔರಾದ್ ಕಡೆ ಹಳ್ಳಿಗಳಲ್ಲಿ ಮೆಥಡಿಸ್ಟ್ ಚರ್ಚುಗಳನ್ನ ನೋಡೇ ಇರ್ತೀರಿ. ಇವು ಹ್ಯಾಂಗ ಬಂದವು ಅಂತ ಕೇಳಿದ್ರ ಒಂದೇ ಉತ್ತರ: ವಿದೇಶಿ ಮಿಷನರಿ ಬಂದ, ಭಾಷಣ ಮಾಡಿದ, ಮಂದಿ ಸೇರಿದರು. ಕಥಿ ಅಷ್ಟು ಸರಳ ಇಲ್ಲ.

19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಮೆಥಡಿಸ್ಟ್ ಮಿಷನ್ ಬೀದರಿಗೆ ಬಂದಾಗ ಇದು ನಿಜಾಮರ ಸೀಮೆ. ಕಚೇರಿಯಲ್ಲಿ ಉರ್ದು. ಮನೆಗಳಲ್ಲಿ ಕನ್ನಡ, ಮರಾಠಿ, ತೆಲುಗು. ಹೊರಗಿನವನೊಬ್ಬ ಒಂದು ಭಾಷೆ ಕಲಿತು ನಾಲ್ಕು ಊರು ದಾಟಿದರೆ ಅಲ್ಲಿ ಬೇರೆ ಭಾಷೆ. ಹಾಗಾಗಿ ಕೆಲಸ ನಡೆದದ್ದು ಸ್ಥಳೀಯ ಬೋಧಕರಿಂದ, ಮನೆಮನೆಗೆ ಹೋಗಿ ಹೆಂಗಸರ ಜೊತೆ ಕೂತು ಮಾತಾಡ್ತಿದ್ದ ಬೈಬಲ್ ವುಮನ್‌ಗಳಿಂದ. ಅವರಿಗಿಂತ ಹೆಚ್ಚಾಗಿ, ನೆಂಟರಿಂದ.

ಇದು ನನ್ನ ಊಹೆ ಅಲ್ರಿ. ಮೆಥಡಿಸ್ಟ್ ಮಿಷನರಿ ಜೆ. ವಾಸ್ಕಮ್ ಪಿಕೆಟ್ ಭಾರತದ ಸಾಮೂಹಿಕ ಮತಾಂತರಗಳ ಬಗ್ಗೆ 10 ಪ್ರದೇಶ ಅಧ್ಯಯನ ಮಾಡಿ 1933ರಲ್ಲಿ ಪುಸ್ತಕ ತಂದರು. ಅದರಲ್ಲೊಂದು ವಿಕಾರಾಬಾದ್. ಈಗ ತೆಲಂಗಾಣ, ಆಗ ನಮ್ಮದೇ ಸಂಸ್ಥಾನ, ಅದೇ ಮಿಷನ್. ಬೀದರದ ರೈಲು ಇವತ್ತಿಗೂ ಆ ದಾರಿ ಹಿಡೀತದ. ಜನ ಒಬ್ಬೊಬ್ಬರಾಗಿ ಬರಲಿಲ್ಲ, ಬಂಧುಬಳಗ ಕಟ್ಟಿಕೊಂಡೇ ಬಂದರು ಅನ್ನೋದು ಪಿಕೆಟ್ ಕಂಡ ಮುಖ್ಯ ಸಂಗತಿ.

ಯಾಕಂದ್ರ, ಸೇರಿದವರಲ್ಲಿ ಬಹುಪಾಲು ಮಾದಿಗ, ಹೊಲೆಯ ಕುಟುಂಬಗಳು. ಒಬ್ಬನೇ ಹೋದರೆ ಮಗಳಿಗೆ ವರ ಎಲ್ಲಿ? ಸತ್ತರೆ ಹೆಗಲು ಕೊಡೋರು ಯಾರು? ಅದಕ್ಕೇ ಮಾತು ಮೊದಲು ನಡೀಬೇಕಾದದ್ದು ಅಕ್ಕನ ಮನಿ, ಮಾವನ ಮನಿಯಲ್ಲಿ. 'ನೀವು ಬಂದ್ರ ನಾವೂ ಬರ್ತೀವಿ' ಅನ್ನೋ ಲೆಕ್ಕ. (ಮಾತಿನಿಂದ ನಂಬಿಕೆ ಹಂಚೋದು ಈ ನೆಲಕ್ಕೆ ಹೊಸದೂ ಅಲ್ಲ. 12ನೇ ಶತಮಾನದ ಕಲ್ಯಾಣ ಇದೇ ಜಿಲ್ಲೆಯಲ್ಲಿದೆ.)

'ಅನ್ನದ ಆಸೆಗೆ ಹೋದರು' ಅನ್ನೋರು ಇದ್ದಾರ. ನಾನು ಬಿ.ಕಾಂ. ಓದಿದವ, ಲಾಭದ ಜೊತೆ ನಷ್ಟದ ಕಾಲಮ್ಮೂ ನೋಡ್ತೀನಿ. ಶಾಲೆ ಸಿಕ್ಕಿತು, ಅಕ್ಷರ ಸಿಕ್ಕಿತು, ನಿಜ. ಆದರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿ ಸ್ಥಾನ ಇಲ್ಲ. ಕೇರಿ ಅದೇ, ತಾರತಮ್ಯ ಅದೇ, ಪರಿಶಿಷ್ಟ ಜಾತಿ ಮೀಸಲಾತಿ ಮಾತ್ರ ಹೋಯ್ತು. ಬರೀ ಆಸೆಗೆ ಹೋದವರು ಇಷ್ಟು ಕಳಕೊಂಡು ಯಾಕ ಉಳೀತಾರ?

ಇನ್ನು ಇತ್ತೀಚಿನ ಮಾತು. 2022ರ ಕರ್ನಾಟಕದ ಮತಾಂತರ ಕಾಯ್ದೆ ಬಲವಂತ, ವಂಚನೆ, ಆಮಿಷದ ಮತಾಂತರಕ್ಕೆ 3ರಿಂದ 5 ವರ್ಷ ಜೈಲು ಇಟ್ಟಿತು. ಮತಾಂತರ ಆದವರು ಪರಿಶಿಷ್ಟರು, ಹೆಂಗಸರು ಅಥವಾ ಅಪ್ರಾಪ್ತರಾದರೆ 10 ವರ್ಷದವರೆಗೆ. ಬಲವಂತ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೂರು ಯಾರು ಕೊಡಬಹುದು ನೋಡ್ರಿ: ತಂದೆತಾಯಿ, ಅಣ್ಣತಮ್ಮ, ಅಕ್ಕತಂಗಿ, ರಕ್ತಸಂಬಂಧಿ, ಮದುವೆಯಿಂದಾದ ನೆಂಟರು, ಜೊತೆಗೆ ಕೆಲಸ ಮಾಡೋರು. ಯಾವ ದಾರಿಯಲ್ಲಿ ಮಾತು ಹರಿದಿತ್ತೋ ಅದೇ ದಾರಿಯ ಮಂದಿ. ಒಳ್ಳೆಯ ಬದುಕಿನ ಭರವಸೆಯೂ ಆಮಿಷದ ಪಟ್ಟಿಯಲ್ಲಿತ್ತು. 'ಕುಡಿಯೋದು ಬಿಟ್ಟೆ, ಮನಿ ಸುಧಾರಿಸ್ತು, ನೀನೂ ಒಮ್ಮೆ ಬಾ' ಅಂತ ಭಾವ ಭಾವನಿಗೆ ಹೇಳಿದರೆ ಅದು ಸಾಕ್ಷಿಯೋ, ಆಮಿಷವೋ? 2023ರ ಜೂನ್‌ನಲ್ಲಿ ಸಚಿವ ಸಂಪುಟ ಈ ಕಾಯ್ದೆ ರದ್ದು ಮಾಡುವ ತೀರ್ಮಾನ ತಗೊಂಡಿತು.

ದೀಕ್ಷಾಸ್ನಾನದ ಲೆಕ್ಕ ಮಿಷನ್ ವರದಿಗಳಲ್ಲಿ ಸಿಗ್ತದ. ಮೊದಲು ಮಾತು ತೆಗೆದ ಅತ್ತಿ, ಮಾವನ ಹೆಸರು ಅಲ್ಲಿ ಹುಡುಕೋದು ಕಷ್ಟ. ನಿಮ್ಮ ಮನಿಯಲ್ಲಿ ಹಿರಿಯರಿದ್ದರೆ ಕೇಳ್ರಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ರಿ.