ಎರಡು ದಿನದ ನಾಯಿಮರಿಗಳು

ವಿಕಿರಣ ಅಂದರೆ ನಮಗೆಲ್ಲ ಹಿರೋಶಿಮಾ ನೆನಪಾಗುತ್ತೆ. ನನ್ನನ್ನು ಕಾಡಿದ್ದು ಅಮೆರಿಕದ ಕೊಲರಾಡೋದ ನಾಯಿಮರಿಗಳು. 1967ರಿಂದ ಅಲ್ಲಿನ ಸ್ಟೇಟ್ ಯೂನಿವರ್ಸಿಟಿಯವರು 1,680 ಬೀಗಲ್ ನಾಯಿಗಳನ್ನು ಸಾಯುವ ತನಕ ಗಮನಿಸಿದರು. ಕೆಲವಕ್ಕೆ ತಾಯಿಯ ಹೊಟ್ಟೆಯಲ್ಲೇ ಕೋಬಾಲ್ಟ್-60ರ ಗಾಮಾ ಕಿರಣ, ಕೆಲವಕ್ಕೆ ಹುಟ್ಟಿದ ಎರಡನೇ ದಿನ, ಇನ್ನು ಕೆಲವಕ್ಕೆ ವರ್ಷ ತುಂಬಿದ ಮೇಲೆ. ಹೆಚ್ಚೆಂದರೆ 0.83 ಗ್ರೇ.

ನಾಯಿಮರಿ ಹುಟ್ಟಿದಾಗ ಅದರ ಕಿಡ್ನಿ ಇನ್ನೂ ಪೂರ್ತಿ ಬೆಳೆದಿರೋದಿಲ್ಲ ನೋಡಿ! ಹೊರಪದರದಲ್ಲಿ ಆಗಷ್ಟೇ ಮೂಡುತ್ತಿದ್ದ ನೆಫ್ರಾನ್‌ಗಳು, ಅಂದರೆ ರಕ್ತ ಸೋಸುವ ಪುಟ್ಟ ಜರಡಿಗಳು, ಸತ್ತವು. ಉಳಿದವು ಅವುಗಳ ಕೆಲಸವನ್ನೂ ಹೊತ್ತು ವರ್ಷಗಟ್ಟಲೆ ದುಡಿದು ಗಡುಸಾದವು. ಕುಣಿದಾಡಿಕೊಂಡಿದ್ದ ಕೆಲವು ನಾಯಿಗಳು ಕಿಡ್ನಿ ಕೈಕೊಟ್ಟು ಸತ್ತವು... ಪಾಪ.

ನಮ್ಮ ಮಕ್ಕಳಲ್ಲಿ ಈ ಬೆಳವಣಿಗೆ ಗರ್ಭದ 36ನೇ ವಾರದ ಹೊತ್ತಿಗೆ ಮುಗಿಯುತ್ತೆ. ತೀರಾ ಮುಂಚೆ ಹುಟ್ಟಿದ ಕೂಸಿನ ಕಿಡ್ನಿ ಮಾತ್ರ ಆ ಮರಿಗಳದ್ದರಂತೆ ಅರ್ಧಂಬರ್ಧ. (ಗಾಬರಿ ಬೇಡ, ಎದೆಯ ಒಂದು ಎಕ್ಸ್‌ರೇ ಇದರ ಸಾವಿರದಲ್ಲೊಂದು ಪಾಲೂ ಅಲ್ಲ.)